ಮಗು ಚೇತರಿಸಿಕೊಂಡಿತೆಂದು ಔಷಧಿ ಬಿಡಬೇಡಿ
ಮಕ್ಕಳ ರಕ್ತದ ಕ್ಯಾನ್ಸರ್, ಕುಟುಂಬದ ಸಹನೆ ಮತ್ತು ಜಮಾಅತಿನ ಹೊಣೆ

ಜುಮಾ ನಮಾಝ್ ಮುಗಿದು ಜನ ಏಳುವ ಹೊತ್ತಿಗೆ ಮಸೀದಿಯ ಮೈಕಿನಲ್ಲಿ ಒಂದು ಮನವಿ ಕೇಳಿಬರುತ್ತದೆ. ಇಂಥ ಓಣಿಯ ಇಂಥವರ ಮಗುವಿಗೆ ರಕ್ತದ ಕ್ಯಾನ್ಸರ್ ಆಗಿದೆ, ಕೈಲಾದ ಸಹಾಯ ಮಾಡಿ ಎಂದು. ಬಾಗಿಲ ಬಳಿ ಹಾಸಿದ ಬಟ್ಟೆಯ ಮೇಲೆ ಹತ್ತರ, ಐವತ್ತರ, ನೂರರ ನೋಟುಗಳು ಬೀಳುತ್ತವೆ. ಮಗುವಿನ ಶಿಫಾಕ್ಕಾಗಿ ದುಆ ಆಗುತ್ತದೆ. ಮುಂದಿನ ಜುಮಾಕ್ಕೆ ಬೇರೊಬ್ಬರ ಮನವಿ ಬರುತ್ತದೆ, ಹಿಂದಿನದು ಮರೆತುಹೋಗುತ್ತದೆ. ಆದರೆ ಆ ಮಗುವಿನ ಚಿಕಿತ್ಸೆ ಇನ್ನೂ ನೂರಕ್ಕೂ ಹೆಚ್ಚು ಜುಮಾಗಳ ಕಾಲ ನಡೆಯಬೇಕಾಗಿರುತ್ತದೆ.

ಮಕ್ಕಳ ರಕ್ತದ ಕ್ಯಾನ್ಸರ್ ಎಂದರೆ ಮರಣದ ಚೀಟಿ ಎಂದು ನಮ್ಮಲ್ಲಿ ಅನೇಕರು ಇಂದಿಗೂ ನಂಬಿದ್ದಾರೆ. ಅದು ತಪ್ಪು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯುಕೇಮಿಯಾ ಗುಣವಾಗುವ ಕಾಯಿಲೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕುಳಿಯುತ್ತಾರೆ. ಎಲ್ಲ ಬಗೆಯ ಬಾಲ್ಯದ ಕ್ಯಾನ್ಸರ್‌ಗಳನ್ನು ಸೇರಿಸಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ದೇಶಗಳಲ್ಲಿ ಮೂವತ್ತಕ್ಕಿಂತ ಕಡಿಮೆ. ಈ ಅಂತರಕ್ಕೆ ತಡವಾದ ಪತ್ತೆ, ಸೋಂಕು, ಔಷಧಿಯ ಅಭಾವ ಎಲ್ಲವೂ ಕಾರಣ. ನಮ್ಮ ಕೈಯಲ್ಲೇ ಇರುವ ಕಾರಣ ಇನ್ನೊಂದಿದೆ. ಅದು ಚಿಕಿತ್ಸೆಯನ್ನು ನಡುದಾರಿಯಲ್ಲಿ ಬಿಡುವುದು.

ಕಾಯಿಲೆ ಏನು?

ನಮ್ಮ ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿ ಒಂದು ಬಿಳಿ ರಕ್ತಕಣ ಕೆಟ್ಟು, ಬಲಿಯದೆಯೇ ಲೆಕ್ಕವಿಲ್ಲದಷ್ಟು ಹೆಚ್ಚತೊಡಗಿದರೆ ಅದೇ ಲ್ಯುಕೇಮಿಯಾ. ಹೊಲದಲ್ಲಿ ಕಳೆ ತುಂಬಿಕೊಂಡರೆ ಬೆಳೆಗೆ ಜಾಗವಿಲ್ಲದಂತಾಗುತ್ತದೆ. ಹಾಗೆಯೇ ಇಲ್ಲಿ ಒಳ್ಳೆಯ ರಕ್ತಕಣಗಳಿಗೆ ಜಾಗವಿಲ್ಲದಂತಾಗುತ್ತದೆ. ಕೆಂಪುಕಣ ಕಡಿಮೆಯಾದರೆ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದರೆ ಒಸಡು, ಮೂಗಿನಲ್ಲಿ ರಕ್ತ ಬರುತ್ತದೆ, ಪೆಟ್ಟಿಲ್ಲದೆಯೇ ಮೈಮೇಲೆ ನೀಲಿ ಕಲೆ ಅಥವಾ ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಒಳ್ಳೆಯ ಬಿಳಿಕಣ ಇಲ್ಲದಿದ್ದರೆ ಜ್ವರ ಮತ್ತೆ ಮತ್ತೆ ಬರುತ್ತದೆ. ಮಜ್ಜೆ ಒಳಗೊಳಗೇ ತುಂಬಿ ಎಲುಬು ನೋಯುತ್ತದೆ, ಓಡಾಡುತ್ತಿದ್ದ ಮಗು ಕುಂಟುತ್ತದೆ ಅಥವಾ ಎತ್ತಿಕೊಳ್ಳಿ ಎಂದು ಅಳುತ್ತದೆ. ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬುವುದು ಕೂಡ ಕಾಣಬಹುದು.

ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಇದು ಅಂಟುರೋಗವಲ್ಲ. ತಾಯಿ ಬಸುರಿಯಲ್ಲಿ ಏನು ತಿಂದಳು, ಯಾರ ದೃಷ್ಟಿ ತಗುಲಿತು, ತಂದೆ ಯಾವ ಗುನಾಹ್ ಮಾಡಿದ್ದ ಎಂದು ಹುಡುಕುವುದು ವ್ಯರ್ಥ. ನೊಂದ ತಾಯಿಯ ಎದುರು ಇಂಥ ಮಾತು ಆಡುವುದು ಅನ್ಯಾಯ.

ಒಂದು ಎಚ್ಚರಿಕೆ ಇದೆ. ಕೈಕಾಲು ನೋವು, ಜ್ವರ ಎಂದಾಗ ರಕ್ತ ಪರೀಕ್ಷೆ ಮಾಡಿಸದೆ ಸ್ಟಿರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಡಿಸಬೇಡಿ. ಸ್ಟಿರಾಯ್ಡ್ ಲ್ಯುಕೇಮಿಯಾವನ್ನು ಕೆಲವು ದಿನ ಅಡಗಿಸುತ್ತದೆ, ಆಮೇಲೆ ಪತ್ತೆ ಕಷ್ಟವಾಗುತ್ತದೆ. ಹತ್ತು ಹದಿನೈದು ದಿನದಿಂದ ಬಿಡದ ಜ್ವರ, ಬಿಳಿಚುವಿಕೆ, ಎಲುಬು ನೋವು ಇದ್ದರೆ ಸಿಬಿಸಿ ಎಂಬ ಸಾದಾ ರಕ್ತ ಪರೀಕ್ಷೆ ಮಾಡಿಸಿ. ಅದು ನಮ್ಮ ಊರುಗಳ ಸಾಮಾನ್ಯ ಲ್ಯಾಬಿನಲ್ಲೂ ಆಗುತ್ತದೆ. ರಕ್ತಸ್ರಾವ ಅಥವಾ ಕೆಂಪು ಚುಕ್ಕೆ ಕಂಡರಂತೂ ಅದೇ ದಿನ ಮಾಡಿಸಿ.

ಎರಡೂವರೆ ವರ್ಷ ಏಕೆ?

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಅತಿ ಕೆಟ್ಟ ಊಟ, ಅತಿ ಹೆಚ್ಚು ರಕ್ತಹೀನತೆ ಅವರು ಕಂಡದ್ದು ಬಡ ಮುಸ್ಲಿಂ ಹೆಂಗಸರಲ್ಲಿ. ಯೀಸ್ಟ್‌ನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು, ಇಂದು ಪ್ರತಿ ಬಸುರಿಗೆ ಕೊಡುವ ಮಾತ್ರೆ ಅದೇ. ಲ್ಯುಕೇಮಿಯಾದ ಕಣಗಳು ಬೆಳೆಯಲೂ ಫೋಲಿಕ್ ಆಮ್ಲ ಬೇಕು. ಹಾಗಾದರೆ ಅದನ್ನು ತಡೆಯುವ ಔಷಧಿ ಕೊಟ್ಟರೆ ಹೇಗೆ ಎಂದು ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಯೋಚಿಸಿದರು. ಆ ಔಷಧಿಯನ್ನು ತಯಾರಿಸಿದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯ. 1948ರಲ್ಲಿ ಫಾರ್ಬರ್ ವರದಿ ಪ್ರಕಟವಾಯಿತು. ಸಾವಿನಂಚಿನಲ್ಲಿದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು.

ಆದರೆ ಕಾಯಿಲೆ ಮತ್ತೆ ಮರಳಿ ಬಂತು. ವೈದ್ಯರು ಕಲಿತ ದೊಡ್ಡ ಪಾಠ ಇದೇ. ಮಗು ಚೇತರಿಸಿಕೊಳ್ಳುವುದು ಬೇರೆ, ಗುಣವಾಗುವುದು ಬೇರೆ. ರೋಗ ಪತ್ತೆಯಾದಾಗ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುತ್ತವೆ. ಮೊದಲ ನಾಲ್ಕೈದು ವಾರದ ಚಿಕಿತ್ಸೆಗೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಮಗು ನಗುತ್ತದೆ, ಉಣ್ಣುತ್ತದೆ, ರಿಪೋರ್ಟ್ ಚೆನ್ನಾಗಿ ಬರುತ್ತದೆ. ಆದರೂ ಸೂಕ್ಷ್ಮದರ್ಶಕಕ್ಕೆ ಕಾಣದಂತೆ ಕೋಟಿಗಟ್ಟಲೆ ಕಣಗಳು ಉಳಿದಿರಬಹುದು. ಅದಕ್ಕಾಗಿಯೇ ಮುಂದಿನ ತಿಂಗಳುಗಳಲ್ಲಿ ಹಲವು ಔಷಧಿಗಳನ್ನು ಬೆರೆಸಿ ಕೊಡುತ್ತಾರೆ. ಮೆದುಳಿನ ಸುತ್ತ ಅಡಗಿದ ಕಣಗಳಿಗಾಗಿ ಬೆನ್ನುಹುರಿಯ ನೀರಿಗೆ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಮನೆಯಲ್ಲೇ ದಿನಕ್ಕೊಮ್ಮೆ ಮರ್ಕಾಪ್ಟೋಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಒಟ್ಟು ಎರಡರಿಂದ ಮೂರು ವರ್ಷ.

ಈ ಮಾತ್ರೆಗಳನ್ನು ಹಗುರವಾಗಿ ಕಾಣಬೇಡಿ. ನೂರರಲ್ಲಿ ಐದಕ್ಕಿಂತ ಹೆಚ್ಚು ದಿನದ ಮರ್ಕಾಪ್ಟೋಪ್ಯೂರಿನ್ ತಪ್ಪಿಸಿದ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಗಿದ್ದುದನ್ನು ಅಮೆರಿಕದ ಅಧ್ಯಯನಗಳು ತೋರಿಸಿವೆ. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ, ತಪ್ಪಿ ದಿನವೂ ಕೊಟ್ಟರೆ ಜೀವಕ್ಕೇ ಅಪಾಯ. ವೈದ್ಯರನ್ನು ಕೇಳಿ ಅದನ್ನು ಜುಮಾ ದಿನಕ್ಕೆ ಗೊತ್ತು ಮಾಡಿಕೊಂಡರೆ ನೆನಪು ತಪ್ಪುವುದಿಲ್ಲ.

ಈ ಚಿಕಿತ್ಸೆಯ ಮತ್ತೊಂದು ಔಷಧಿ ವಿನ್‌ಕ್ರಿಸ್ಟಿನ್. ನಮ್ಮ ಅಂಗಳದಲ್ಲಿ ಬೆಳೆಯುವ ಸದಾಪುಷ್ಪದ ಗಿಡದಿಂದಲೇ ಅದನ್ನು ತೆಗೆಯುತ್ತಾರೆ. ಹಾಗೆಂದು ಆ ಎಲೆಯ ರಸ ಕುಡಿಸಬೇಡಿ, ಅದು ವಿಷ. ಅಲ್ಲಾಹನು ಗಿಡದಲ್ಲಿ ಶಿಫಾ ಇಟ್ಟಿದ್ದಾನೆ, ಅದನ್ನು ಅಳೆದು ಕೊಡುವ ಇಲ್ಮನ್ನೂ ಮನುಷ್ಯನಿಗೆ ಕೊಟ್ಟಿದ್ದಾನೆ. ಪ್ರವಾದಿವರ್ಯರು(ಸ) ಔಷಧೋಪಚಾರ ಮಾಡಿಕೊಳ್ಳಲು ಕಲಿಸಿದರು. ಆದ್ದರಿಂದ ದುಆ ಮಾಡುವವನು ಮಾತ್ರೆಯನ್ನು ಬಿಡುವಂತಿಲ್ಲ.

ಕುಟುಂಬ ಎಲ್ಲಿ ಸೋಲುತ್ತದೆ?

ಘಟಪ್ರಭಾದಿಂದ ಬೆಳಗಾವಿ ಹತ್ತಿರವೇ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಅದಕ್ಕಿಂತ ದೂರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕೆಂದರೆ ರಾತ್ರಿಯಿಡೀ ರೈಲು. 1973ರಲ್ಲಿ ಆರಂಭವಾದ ಆ ಸಂಸ್ಥೆ ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವವರೂ ಇದ್ದಾರೆ.

ಮಗುವಿನ ಜೊತೆ ತಾಯಿ ಆಸ್ಪತ್ರೆಯಲ್ಲಿ ಉಳಿಯುತ್ತಾಳೆ. ತಂದೆ ಹೋಗಿ ಬಂದು ಮಾಡುತ್ತಾನೆ. ಕಬ್ಬು ಕಡಿಯುವವನಿರಲಿ, ಗ್ಯಾರೇಜಿನವನಿರಲಿ, ಹಣ್ಣಿನ ಗಾಡಿಯವನಿರಲಿ, ಹೋದ ದಿನ ದುಡಿಮೆ ಇಲ್ಲ. ಉಳಿದ ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ, ಅವರ ಶಾಲೆ ತಪ್ಪುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಬಾಡಿಗೆ ಕೋಣೆ, ಊಟ, ಹೋದ ಕೂಲಿ, ಮನೆಯಲ್ಲಿರುವವರ ಹೊಟ್ಟೆ, ಇವುಗಳಿಗೆ ಯಾವ ಕಾರ್ಡೂ ಇಲ್ಲ. ಸಾಲ ಬೆಳೆಯುತ್ತದೆ. ಅದೇ ಹೊತ್ತಿಗೆ ಮಗು ಚೇತರಿಸಿಕೊಂಡು ಕಾಣುತ್ತದೆ. ಇನ್ನು ಸಾಕು, ಅಲ್ಲಾಹನ ಮೇಲೆ ಬಿಡೋಣ ಎಂದು ಮನೆಯ ಹಿರಿಯರು ಹೇಳುತ್ತಾರೆ. ಚಿಕಿತ್ಸೆ ನಿಲ್ಲುವುದು ಅಲ್ಲಿಯೇ. ಕೆಲವು ತಿಂಗಳ ಮೇಲೆ ಕಾಯಿಲೆ ಮರಳಿದಾಗ ಅದು ಮೊದಲಿಗಿಂತ ಹಠಮಾರಿಯಾಗಿರುತ್ತದೆ.

ಹೆಣ್ಣುಮಗುವಾದರೆ ಈ ಮಾತು ಇನ್ನೂ ಬೇಗ ಬರುತ್ತದೆ. ಕ್ಯಾನ್ಸರ್ ಬಂದ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುವುದೇ ಗಂಡುಮಕ್ಕಳಿಗಿಂತ ಕಡಿಮೆ ಎಂದು ನಮ್ಮ ದೇಶದ ಆಸ್ಪತ್ರೆಗಳ ಲೆಕ್ಕ ತೋರಿಸಿದೆ. ಹೆಣ್ಣುಮಕ್ಕಳನ್ನು ಸಾಕಿ ಬೆಳೆಸುವವರಿಗೆ ಸ್ವರ್ಗದ ಸುವಾರ್ತೆ ಕೇಳಿರುವ ಸಮುದಾಯ ಈ ಲೆಕ್ಕದ ಮುಂದೆ ತಲೆ ತಗ್ಗಿಸಬೇಕು.

ಕಣ್ಣೀರೂ ಸಹನೆಯೂ

ಸಬರ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಸಬರ್ ಎಂದರೆ ಅಳದಿರುವುದಲ್ಲ. ಪ್ರವಾದಿವರ್ಯರು(ಸ) ತಮ್ಮ ಎಳೆಯ ಮಗ ಇಬ್ರಾಹೀಮರನ್ನು ಕಳಕೊಂಡಾಗ ಅತ್ತಿದ್ದರು. ತಾಯಿ ಅಳಲಿ, ತಂದೆಯೂ ಅಳಲಿ. ಅತ್ತ ಮೇಲೆ ರಾತ್ರಿಯ ಮಾತ್ರೆ ಕೊಡಲು ಏಳುವುದೇ ಸಬರ್.

ಮಗುವಿನಿಂದ ಎಲ್ಲವನ್ನೂ ಮುಚ್ಚಿಡಬೇಡಿ. ನಾಲ್ಕು ವರ್ಷದ ಮಗುವಿಗೂ ಏನೋ ಆಗುತ್ತಿದೆ ಎಂದು ಗೊತ್ತಾಗುತ್ತದೆ. ಸೂಜಿ ಚುಚ್ಚುವುದಿಲ್ಲ ಎಂದು ಸುಳ್ಳು ಹೇಳಿ ಚುಚ್ಚಿಸಿದರೆ ಅದು ಮುಂದೆ ಯಾರನ್ನೂ ನಂಬುವುದಿಲ್ಲ. ಸ್ವಲ್ಪ ನೋಯುತ್ತದೆ, ನಾನು ಕೈ ಹಿಡಿದಿರುತ್ತೇನೆ ಎಂದರೆ ಸಾಕು. ಕೂದಲು ಉದುರಿದರೆ ಮತ್ತೆ ಬೆಳೆಯುತ್ತದೆ ಎಂದು ಮೊದಲೇ ಹೇಳಿ. ಮನೆಯಲ್ಲಿ ಉಳಿದ ಅಣ್ಣ ಅಕ್ಕಂದಿರಿಗೂ ಫೋನಿನಲ್ಲಿ ನಿಜ ಹೇಳಿ. ತಮ್ಮ ಜಗಳದಿಂದಲೇ ತಮ್ಮನಿಗೆ ಕಾಯಿಲೆ ಬಂತೆಂದು ಎಷ್ಟೋ ಮಕ್ಕಳು ಒಳಗೊಳಗೇ ಹೆದರಿರುತ್ತಾರೆ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಎಲ್ಲವನ್ನೂ ಮಾಡಿಯೂ ಮಗುವನ್ನು ಕಳಕೊಂಡವರಿಗೆ ಮೊದಲೇ ಬೇರೆ ಕಡೆ ಹೋಗಬೇಕಿತ್ತು ಎಂಬ ಮಾತು ಹೇಳಬೇಡಿ. ಅವರ ಜೊತೆ ಕುಳಿತುಕೊಳ್ಳಿ, ಅಷ್ಟೇ.

ಜಮಾಅತ್ ಏನು ಮಾಡಬಹುದು?

ಮೊದಲನೆಯದು, ಒಂದು ಜುಮಾದ ಚಂದಾ ಸಾಲದು. ರಂಝಾನಿನಲ್ಲಿ ಒಮ್ಮೆಲೇ ಕೊಡುವ ಝಕಾತ್‌ನಲ್ಲಿ ಒಂದು ಪಾಲನ್ನು ಅರ್ಹ ಕುಟುಂಬಕ್ಕೆ ಮೂವತ್ತು ತಿಂಗಳ ಪ್ರಯಾಣ, ಊಟಕ್ಕೆಂದು ಗೊತ್ತು ಮಾಡಿ, ತಿಂಗಳು ತಪ್ಪದೆ ತಲುಪಿಸುವುದು ಹೇಗೆಂದು ಉಲಮಾಗಳನ್ನು ಕೇಳಿ ನಡೆಸಿ. ಹನಿ ಹನಿ ಕೂಡಿಸಿ ಆಸ್ಪತ್ರೆಯನ್ನೇ ಕಟ್ಟಿದ ನೆಲ ನಮ್ಮದು. ಘಟಪ್ರಭಾದ ಜೆ.ಜಿ. ಸಹಕಾರಿ ಆಸ್ಪತ್ರೆ ಕಣ್ಣೆದುರೇ ಇದೆ. ಒಂದು ಮಗುವಿನ ಎರಡೂವರೆ ವರ್ಷ ನಮಗೆ ಭಾರವಲ್ಲ.

ಎರಡನೆಯದು, ರಕ್ತ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಆದ್ದರಿಂದ ದಾನಿಗಳು ಮತ್ತೆ ಮತ್ತೆ ಬೇಕು. 18 ವರ್ಷ ತುಂಬಿದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಯುವಕರ ಹೆಸರು, ರಕ್ತದ ಗುಂಪು ಬರೆದ ಒಂದು ಪಟ್ಟಿ ಮಸೀದಿಯಲ್ಲಿರಲಿ. ರಂಝಾನಿನಲ್ಲಿ ದಾನಿಗಳು ಸಿಗುವುದಿಲ್ಲ, ಇಫ್ತಾರಿನ ನಂತರ ಹೋಗುವವರನ್ನು ಮೊದಲೇ ಗೊತ್ತು ಮಾಡಿ.

ಮೂರನೆಯದು, ಜ್ವರ. ಚಿಕಿತ್ಸೆಯಲ್ಲಿರುವ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅದು ತುರ್ತು ಸ್ಥಿತಿ. ಮಾತ್ರೆ ಕೊಟ್ಟು ಬೆಳಗಾಗುವವರೆಗೆ ಕಾಯಬಾರದು, ಒಂದೆರಡು ತಾಸಿನ ತಡವೂ ಜೀವ ತೆಗೆಯಬಹುದು. ಮಧ್ಯರಾತ್ರಿಯೂ ಗಾಡಿ ತರುವ ಇಬ್ಬರ ನಂಬರು ಆ ತಾಯಿಯ ಕೈಯಲ್ಲಿರಲಿ.

ನಾಲ್ಕನೆಯದು, ನಮ್ಮ ಭೇಟಿ. ರೋಗಿಯನ್ನು ನೋಡಿಬರುವುದು ಸುನ್ನತ್. ಆದರೆ ಈ ಮಗುವಿಗೆ ನಮ್ಮ ಕೆಮ್ಮೇ ಅಪಾಯ. ನೆಗಡಿ, ಅಮ್ಮ, ದಡಾರ ಇದ್ದವರ ಮನೆಯಿಂದ ಯಾರೂ ಹೋಗಬೇಡಿ. ಹೋದವರು ಕೈ ತೊಳೆದು, ಮಗುವನ್ನು ಮುದ್ದಿಸದೆ, ಬಾಗಿಲಲ್ಲೇ ಸಲಾಂ ಹೇಳಿ ಬನ್ನಿ. ಕತ್ತರಿಸಿಟ್ಟ ಹಣ್ಣು, ಅಂಗಡಿಯ ಸಿಹಿ ಒಯ್ಯಬೇಡಿ, ಆಗಷ್ಟೇ ಬೇಯಿಸಿದ ಬಿಸಿ ಊಟ ಒಯ್ಯಿರಿ.

ಕೊನೆಯದು ಅತಿ ಸುಲಭ, ಅತಿ ಹೆಚ್ಚು ಮರೆಯುವಂಥದ್ದು. ಮನವಿ ಬಂದ ಆರು ತಿಂಗಳ ಮೇಲೆ, ವರ್ಷದ ಮೇಲೆ, ಯಾರಾದರೂ ಒಬ್ಬರು ಆ ತಂದೆಯ ಪಕ್ಕದಲ್ಲಿ ಕುಳಿತು ಕೇಳಬೇಕು: ಮುಂದಿನ ತಾರೀಖು ಯಾವಾಗ, ಹೋಗಲು ಏನು ಬೇಕು? ಚಿಕಿತ್ಸೆ ನಿಂತುಹೋಗುವ ಮನೆಗಳಲ್ಲಿ ಈ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಇಂದಿನ ಜುಮಾಕ್ಕೆ ಹೋದಾಗ ಹಳೆಯ ಮನವಿಯೊಂದನ್ನು ನೆನಪಿಸಿಕೊಳ್ಳಿ, ಆ ಮಗು ಈಗ ಎಲ್ಲಿದೆ ಎಂದು ವಿಚಾರಿಸಿ. ಆಮೇಲೆ ಕೈಯೆತ್ತಿ ದುಆ ಮಾಡಿ.