‘ಅಪ್‌ಡೇಟ್’ ಏಕೆ ಕೈಕೊಡುತ್ತದೆ?

ಕಂಪ್ಯೂಟರಿನ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಅರ್ಧ ಗಂಟೆ ಕಾದ ಮೇಲೆ, ಮಾಡಿದ ಬದಲಾವಣೆಯನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಿರುವುದಾಗಿ ಯಂತ್ರವೇ ತಿಳಿಸಿದರೆ ಯಾರಿಗೆ ತಾನೆ ಬೇಸರವಾಗದು? ಈ ತೊಂದರೆಯ ಮೂಲವನ್ನು ನೀವು ತಿಳಿದಿರುವುದು ಮೇಲು.

ಯಂತ್ರದ ಎಲ್ಲ ಭಾಗಗಳನ್ನೂ ಹತೋಟಿಯಲ್ಲಿಟ್ಟು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ದೋಷಗಳನ್ನು ತಿದ್ದಿ, ಕಳ್ಳರು ನುಸುಳುವ ಕಂಡಿಗಳನ್ನು ಮುಚ್ಚುವ ಕೆಲಸವೇ ಅಪ್‌ಡೇಟ್. ವಾಸವಿರುವ ಮನೆಯ ತೊಲೆಯನ್ನು ಬದಲಾಯಿಸಿದಂತೆ ಇದು. ಡಿಸ್ಕಿನಲ್ಲಿ ಜಾಗ ಸಾಲದಿದ್ದರೆ, ನಡುವೆ ವಿದ್ಯುತ್ತು ಹೋದರೆ, ಯಾವುದಾದರೂ ಸಾಧನದ ಡ್ರೈವರ್ ಹೊಸದಕ್ಕೆ ಹೊಂದದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಯಂತ್ರವು ಹಳೆಯ ಸ್ಥಿತಿಗೆ ಮರಳಲು ಯತ್ನಿಸುತ್ತದೆ. ಕಾಲ ವ್ಯರ್ಥವಾದರೂ ಸಾಮಾನ್ಯವಾಗಿ ಕಡತಗಳಿಗೆ ಕೇಡಿಲ್ಲ.

ಅಪ್‌ಡೇಟಿನಲ್ಲೇ ದೋಷವಿದ್ದರೆ ಮಾತು ಬೇರೆ. ೨೦೧೮ರ ಅಕ್ಟೋಬರ್ ೨ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ೧೦ರ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿತು. ಕೆಲವರು ತಮ್ಮ ದಾಖಲೆಗಳ ಫೋಲ್ಡರನ್ನು ಬೇರೊಂದು ಡ್ರೈವಿಗೆ ಬದಲಾಯಿಸಿಕೊಂಡಿದ್ದರು. ಹಳೆಯ ಜಾಗದಲ್ಲಿಯೂ ಅದೇ ಹೆಸರಿನ ಫೋಲ್ಡರು ಉಳಿದಿತ್ತು. ಇಂಥ ಖಾಲಿ ಫೋಲ್ಡರುಗಳನ್ನು ಗುಡಿಸಿಹಾಕಲೆಂದು ಬರೆದ ಆಜ್ಞೆಯು ಖಾಲಿಯಲ್ಲದವುಗಳನ್ನೂ ಗುಡಿಸಿಬಿಟ್ಟಿತು. ಸಂಸ್ಥೆಯ ಲೆಕ್ಕದಂತೆ ದೂರು ಬಂದದ್ದು ಹತ್ತು ಸಾವಿರಕ್ಕೆ ಒಂದು. ಆದರೆ ಮಕ್ಕಳ ಭಾವಚಿತ್ರ ಕಳೆದುಕೊಂಡವರಿಗೆ ಈ ಲೆಕ್ಕದಿಂದ ಸಮಾಧಾನವುಂಟೆ? ಬಿಡುಗಡೆಗೆ ಮೊದಲು ಪರೀಕ್ಷಿಸಿದ ಕೆಲವರು ಈ ದೋಷವನ್ನು ಬರೆದು ತಿಳಿಸಿದ್ದರು. ದೂರುಗಳ ರಾಶಿಯಲ್ಲಿ ಅದು ಮುಚ್ಚಿಹೋಗಿತ್ತು. ಸಂಸ್ಥೆ ಕೆಲವೇ ದಿನಗಳಲ್ಲಿ ಹಂಚಿಕೆಯನ್ನು ನಿಲ್ಲಿಸಿ, ತಿದ್ದಿ, ನವೆಂಬರ್ ೧೩ರಂದು ಮತ್ತೆ ಹೊರತಂದಿತು.

ಹಾಗೆಂದು ಅಪ್‌ಡೇಟನ್ನೇ ಬಿಟ್ಟುಬಿಡೋಣವೆ? ಅದೂ ಸಲ್ಲದು. ೨೦೧೭ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಅದು ನುಸುಳಿದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ ತಿಂಗಳಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆದುದರಿಂದ ನೀವು ಮಾಡಬೇಕಾದುದಿಷ್ಟು: ಮುಖ್ಯವಾದ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಅದನ್ನು ಯಂತ್ರದಿಂದ ಬಿಡಿಸಿಡಿ. ಡಿಸ್ಕಿನಲ್ಲಿ ಸಾಕಷ್ಟು ಜಾಗ ತೆರವು ಮಾಡಿ. ಲ್ಯಾಪ್‌ಟಾಪನ್ನು ಕರೆಂಟಿಗೆ ಜೋಡಿಸಿ. ಭದ್ರತೆಯ ಅಪ್‌ಡೇಟನ್ನು ತಡಮಾಡದೆ ಹಾಕಿಕೊಳ್ಳಿ. ಹೊಸ ಆವೃತ್ತಿಯನ್ನಾದರೋ ಕೆಲವು ವಾರ ಕಾದು ನೋಡಿ ಹಾಕಿಕೊಂಡರೆ ನಷ್ಟವಿಲ್ಲ. ಕೆಟ್ಟ ಸಿಸ್ಟಂ ಅನ್ನು ಮತ್ತೆ ಹಾಕಿಸಬಹುದು. ಪ್ರತಿಯಿಲ್ಲದ ಭಾವಚಿತ್ರವನ್ನು ಎಲ್ಲಿಂದ ತರುವುದು?