ಕೃಷ್ಣಾ ಕೊಳ್ಳದ ಅತಿಮಳೆ: ಐದು ತಪ್ಪು ಕಲ್ಪನೆ, ಐದು ಸತ್ಯ

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಭೀಮಾ, ತುಂಗಭದ್ರೆ, ಮಲಪ್ರಭೆ, ಘಟಪ್ರಭೆಗಳನ್ನೆಲ್ಲ ಕೂಡಿಸಿಕೊಂಡ ಈ ಕೊಳ್ಳದ ವಿಸ್ತಾರ ಸುಮಾರು 2.6 ಲಕ್ಷ ಚದರ ಕಿ.ಮೀ. ಅದರ ದೊಡ್ಡ ಪಾಲು ಇರುವುದು ಕರ್ನಾಟಕದಲ್ಲೇ. ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿಯುವ ಘಟ್ಟ. ಅಲ್ಲಿಂದ ಒಂದು ದಿನದ ಪ್ರಯಾಣದಲ್ಲಿ 600 ಮಿ.ಮೀ. ಆಸುಪಾಸಿನ ವಿಜಯಪುರ. ಇಲ್ಲಿನ ಅತಿಮಳೆಯ ಬಗ್ಗೆ ನಾವು ಸಲೀಸಾಗಿ ಆಡುವ ಮಾತುಗಳಲ್ಲಿ ಐದನ್ನು ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ಆಗಸ್ಟ್ ಕಳೆದರೆ ನೆರೆಯ ಭಯವಿಲ್ಲ.

ಸತ್ಯ: ಘಟ್ಟದ ಮಟ್ಟಿಗೆ ಇದು ಬಹುಪಾಲು ಸರಿ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಎಡೆಬಿಡದೆ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಯ ಹೊತ್ತಿಗೆ, ಸಾಂಗ್ಲಿ, ಕೊಲ್ಲಾಪುರದಿಂದ ಚಿಕ್ಕೋಡಿ, ಅಥಣಿಯವರೆಗೆ ನೀರು ನುಗ್ಗಿದ್ದು ಹೀಗೆ. ಬಯಲುಸೀಮೆಯ ಲೆಕ್ಕ ಬೇರೆ. ವಿಜಯಪುರ, ಬಾಗಲಕೋಟೆ, ರಾಯಚೂರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ. ಮುಂಗಾರು ಹಿಂದೆ ಸರಿಯುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಮೋಡಗಳು ಪೂರ್ವದಿಂದ ಒಳನಾಡಿಗೆ ನುಗ್ಗುತ್ತವೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರವರೆಗೆ ಹಸ್ತ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿತು, ಕರ್ನೂಲು ಜಲಾವೃತವಾಯಿತು, ಶ್ರೀಶೈಲಂ ಜಲಾಶಯದ ಒಳಹರಿವು 25 ಲಕ್ಷ ಕ್ಯೂಸೆಕ್ ದಾಟಿತು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ನೆಲಕ್ಕೆ ಬಂದ ವಾಯುಭಾರ ಕುಸಿತ ತೆಲಂಗಾಣ ಹಾದು ಬಂದಾಗ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಬೆಳೆ ನೀರುಪಾಲಾಯಿತು.

ತಪ್ಪು ಕಲ್ಪನೆ 2: ಹೆಚ್ಚು ಮಳೆ ಬೀಳುವ ಊರಿಗೇ ಹೆಚ್ಚು ಅಪಾಯ.

ಸತ್ಯ: 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಮಹಾಬಳೇಶ್ವರದಲ್ಲಿ 2021ರ ಜುಲೈನಲ್ಲಿ ಒಂದೇ ದಿನ 590 ಮಿ.ಮೀ.ಗೂ ಹೆಚ್ಚು ಸುರಿಯಿತು. ವಿಜಯಪುರದ ವರ್ಷದ ಮಳೆ ಹೆಚ್ಚು ಕಡಿಮೆ ಅಷ್ಟೇ. ಆದರೆ 150 ಮಿ.ಮೀ. ಮಳೆಯನ್ನು ಘಟ್ಟದ ಇಳಿಜಾರು ಹೆಂಚಿನ ಮನೆ ತಡೆದುಕೊಳ್ಳುತ್ತದೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆ ತಡೆಯುವುದಿಲ್ಲ. ಎರಡು ಮೂರು ದಿನ ಜಡಿಮಳೆ ಹಿಡಿದರೆ ಮೇಲ್ಮುದ್ದೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ತೊಲೆ ಬಾಗುತ್ತದೆ, ಗೋಡೆಯ ಬುಡ ಕರಗುತ್ತದೆ. 2009ರಲ್ಲಿ ಹೊಳೆಯಿಂದ ದೂರದ ಊರುಗಳಲ್ಲೂ ಸಾಲುಸಾಲು ಮನೆ ಕುಸಿದದ್ದು ಇದೇ ಕಾರಣಕ್ಕೆ. ಎರೆ ಹೊಲದ ಪಾಡೂ ಅಷ್ಟೆ: ಬೇಸಿಗೆಯಲ್ಲಿ ಬಿರುಕು ಬಿಡುವ ಈ ಮಣ್ಣು ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿಕೊಳ್ಳುತ್ತವೆ, ಮೇಲೆ ಬಿದ್ದ ನೀರು ಇಂಗದೆ ಹಳ್ಳ ಹಿಡಿಯುತ್ತದೆ. ಹೀಗಾಗಿ ಅತಿಮಳೆಯನ್ನು ಆಯಾ ಊರಿನ ವಾಡಿಕೆಗೆ ಹೋಲಿಸಿಯೇ ಅಳೆಯಬೇಕು.

ತಪ್ಪು ಕಲ್ಪನೆ 3: ನೆರೆ ಬಂದ ವರ್ಷ ಬರ ಇರುವುದಿಲ್ಲ.

ಸತ್ಯ: 2009ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇ 22ರಷ್ಟು ಕಡಿಮೆ. 2019ರ ಜೂನ್ ಕೂಡ ಮಳೆಯಿಲ್ಲದೆ ಒಣಗಿತ್ತು. ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆಯಾದರೂ ದಾಖಲೆಯಲ್ಲಿ ಅದು 'ವಾಡಿಕೆ ಮಳೆ'ಯೇ. ಆರು ವಾರ ಒಣ ಹವೆಯಿದ್ದು ನಾಲ್ಕೇ ದಿನದಲ್ಲಿ ಸುರಿದರೂ ಒಟ್ಟು ಮೊತ್ತ ಸರಿಹೋಗಬಹುದು. ಒಣಗಿದ ಹೆಸರು, ಗದ್ದೆಯಲ್ಲೇ ಕೊಳೆತ ಈರುಳ್ಳಿ ಆ ಮೊತ್ತದಲ್ಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ 4: ನೂರು ವರ್ಷಕ್ಕೊಮ್ಮೆ ಬರುವ ಮಳೆ ಈಗಷ್ಟೇ ಬಂದು ಹೋಯಿತು, ಇನ್ನು ನಿಶ್ಚಿಂತೆ.

ಸತ್ಯ: ಆ ಮಾತಿನ ಅರ್ಥ, ಯಾವುದೇ ವರ್ಷ ಅಂಥ ಮಳೆ ಬರುವ ಸಾಧ್ಯತೆ ಶೇ 1 ಎಂದು. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಅಷ್ಟೇ. 30 ವರ್ಷ ಬಾಳುವ ಮನೆಯೊಂದು ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಸುಮಾರು ಶೇ 26. ಈ ಲೆಕ್ಕ ನಿಂತಿರುವುದು ಹಳೆಯ ಮಳೆ ದಾಖಲೆಗಳ ಮೇಲೆ; ಹವಾಮಾನವೇ ಬದಲಾದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ತಪ್ಪು ಕಲ್ಪನೆ 5: ಭೂಮಿ ಬಿಸಿಯಾದರೆ ಎಲ್ಲೆಡೆ, ಎಲ್ಲ ಕಾಲದಲ್ಲೂ ಮಳೆ ಹೆಚ್ಚುತ್ತದೆ.

ಸತ್ಯ: ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಆದರೆ ಆವಿ ಮಳೆಯಾಗಲು ಅದನ್ನು ಮೇಲೆತ್ತುವ ಘಟ್ಟವೋ ವಾಯುಭಾರ ಕುಸಿತವೋ ಸಂಜೆಯ ಗುಡುಗು ಮೋಡವೋ ಬೇಕು. ಇವು ಋತುವಿನಿಂದ ಋತುವಿಗೆ, ಜಾಗದಿಂದ ಜಾಗಕ್ಕೆ ಬೇರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ. ಆ ಪ್ರದೇಶದ ಒಟ್ಟು ಮುಂಗಾರು ಮಳೆಯಾದರೋ ಕುಗ್ಗಿದೆ. ಮಧ್ಯ ಭಾರತದ ಈ ಅಂಕಿಯನ್ನು ಇಡೀ ಕೃಷ್ಣಾ ಕೊಳ್ಳಕ್ಕೆ ಹಾಗೇ ಅಂಟಿಸುವುದೂ ತಪ್ಪೇ. ಘಟ್ಟದ ಜುಲೈ, ಬಯಲಿನ ಸೆಪ್ಟೆಂಬರ್, ಮೇ ತಿಂಗಳ ಗುಡುಗು ಮಳೆ ಇವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

ಈ ವ್ಯತ್ಯಾಸ ಗೊತ್ತಿರಬೇಕಾದದ್ದು ಮುಖ್ಯವಾಗಿ ಜಲಾಶಯಗಳ ನಿರ್ವಹಣೆಗೆ. ಬೇಸಿಗೆಯವರೆಗಿನ ನೀರಾವರಿ, ಕುಡಿಯುವ ನೀರಿಗಾಗಿ ಸೆಪ್ಟೆಂಬರ್ ಹೊತ್ತಿಗೆ ಅಣೆಕಟ್ಟುಗಳನ್ನು ತುಂಬಿಸಿಟ್ಟುಕೊಳ್ಳುವುದು ಅನಿವಾರ್ಯ. ಕೊಲ್ಲಿಯ ಮಳೆ ಬರುವುದೂ ಆಗಲೇ. ಒಳಗೆ ಜಾಗವಿಲ್ಲದಾಗ ಬಂದ ನೀರನ್ನು ಬಂದಂತೆ ಬಿಡಬೇಕಾಗುತ್ತದೆ. ಕೊಲ್ಲಿಯ ಮುನ್ಸೂಚನೆ ನೋಡಿ ನಾಲ್ಕು ದಿನ ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಟ್ಟರೆ ಕೆಳಗಿನ ಊರುಗಳಿಗೆ ಸಾಮಾನು ಸರಂಜಾಮು, ದನಕರು ಸಾಗಿಸಿಕೊಳ್ಳಲು ಸಮಯ ಸಿಗುತ್ತದೆ. ಹಾಗೆ ಬಿಟ್ಟ ಮೇಲೆ ಮಳೆ ಬಾರದಿದ್ದರೆ ಬೇಸಿಗೆಯಲ್ಲಿ ಕಾಲುವೆಯ ಕೊನೆಯ ರೈತ ನೀರು ಕೇಳುತ್ತಾನೆ. ಅಣೆಕಟ್ಟೆಯ ಎಂಜಿನಿಯರ್ ಪ್ರತಿ ಸೆಪ್ಟೆಂಬರ್‌ನಲ್ಲೂ ತೂಗಿ ನೋಡಬೇಕಾದದ್ದು ಇದನ್ನೇ; ವರ್ಷದ ಸರಾಸರಿ ಮಳೆಯ ಅಂಕಿ ಆಗ ಅವರ ನೆರವಿಗೆ ಬರುವುದಿಲ್ಲ.