ಬಾಗಿಲಲ್ಲಿ ನಿಂತವರ ಮೊದಲ ಪ್ರಶ್ನೆ

ತುರ್ವಿಹಾಳದ ಬಸ್ ನಿಲ್ದಾಣದಲ್ಲಿ ನಾಲ್ಕಾರು ಹುಡುಗ ಹುಡುಗಿಯರು ಫಾರಂ ಹಿಡಿದು ಇಳಿದರೆ ಅಂಗಡಿಕಾರರು 'ಸರ್ವೇದವ್ರು ಬಂದ್ರು ನೋಡ್ರಿ' ಎಂದಾರು. ಆದರೆ ಹಾಗೆ ಬರುವವರಲ್ಲಿ ಸಮಾಜಕಾರ್ಯ, ಅಂದರೆ ಎಂ.ಎಸ್.ಡಬ್ಲ್ಯು. ಓದುವವರೂ ಇರುತ್ತಾರೆ. ತರಗತಿಯ ಪಾಠದಷ್ಟೇ ಜನರ ನಡುವಿನ ಕ್ಷೇತ್ರಕಾರ್ಯವೂ ಇವರಿಗೆ ಕಡ್ಡಾಯ.

ಇವರಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಮನೆ ಮುಂದೆ ನಿಂತು, "ಯಜಮಾನರ ಹೆಸರು ಏನ್ರೀ?" ಎಂದು ಕೇಳಿದಳೆನ್ನಿ. ಫಾರಂನ ಮೊದಲ ಸಾಲೇ ಅದು. ತಪ್ಪೇನು ಎನ್ನಬಹುದು. ಅದು ಮಾಜಿ ದೇವದಾಸಿಯ ಮನೆಯಾಗಿದ್ದರೆ? ದೇವದಾಸಿ ಸಮರ್ಪಣೆ ನಿಷೇಧಿಸಿ ರಾಜ್ಯವು 1982ರಲ್ಲೇ ಕಾಯ್ದೆ ಮಾಡಿತು. ಆದರೂ ಆ ಪದ್ಧತಿಗೆ ಸಿಕ್ಕಿ ನೊಂದ ತಾಯಂದಿರು ರಾಯಚೂರು ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. 'ತಂದೆಯ ಹೆಸರು' ಎಂಬ ಖಾಲಿ ಜಾಗ ಅವರ ಮಕ್ಕಳನ್ನು ಶಾಲೆಗೆ ಸೇರಿದ ದಿನದಿಂದಲೇ ಕಾಡಿದೆ. "ಯಾರೂ ಇಲ್ರಿ" ಎಂದು ಆಕೆ ಬಾಗಿಲು ಮುಂದೆ ಮಾಡಿದರೆ ಮುಗಿಯಿತು. ತನ್ನ ಮಾಸಾಶನದ ತೊಂದರೆ, ಮಗಳ ಹಾಸ್ಟೆಲ್ ಚಿಂತೆ ಒಳಗೇ ಉಳಿಯಿತು.

ಹುಡುಗಿ ಕೆಟ್ಟವಳೇನಲ್ಲ. ತನ್ನ ಮನೆಯಂತೆಯೇ ಎಲ್ಲರ ಮನೆ ಎಂದು ತಿಳಿದಿದ್ದಳು, ಅಷ್ಟೆ.

ಗುಳೆ ಹೋಗುವವರ ಮುಂದೆಯೂ ಇದೇ ಕತೆ. ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ವರ್ಷ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೋದವರನ್ನು "ಶಾಲೆ ಯಾಕ ಬಿಡಿಸಿದ್ರಿ?" ಎಂದರೆ ಅದು ವಿಚಾರಣೆಯಾದೀತೇ ಹೊರತು ಮಾತುಕತೆಯಾಗದು. ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಂತೂ ತೆಲುಗು, ಬಂಗಾಲಿ ಮನೆಮಾತಿನವರಿದ್ದಾರೆ. ಅಲ್ಲಿ ಬರೀ ಕನ್ನಡವೂ ಸಾಲದು.

ನಮ್ಮ ದೇಶದಲ್ಲಿ ಈ ಓದು ಶುರುವಾದದ್ದು 1936ರಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ. ಅದರ ಮೊದಲ ನಿರ್ದೇಶಕರು ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಹೊರಗಿನಿಂದ ಬಂದ ಪಾಠ ನಮ್ಮ ಜನರ ಮಾತಿಗೆ ಇಳಿಯಬೇಕೆಂದು ಬೆಂಗಳೂರು ವಿಶ್ವವಿದ್ಯಾಲಯದ ಪ್ರೊ. ಎಚ್.ಎಂ. ಮರುಳಸಿದ್ಧಯ್ಯನವರು ಸಮಾಜಕಾರ್ಯವನ್ನು ಕನ್ನಡದಲ್ಲೇ ಬರೆದರು.

ಭಾಷೆಯ ಜೊತೆಗೆ ಇನ್ನೊಂದು ಬೇಕು. ಅದೇ ತನ್ನನ್ನು ತಾನು ಅರಿಯುವುದು. ಪ್ರತಿ ಭೇಟಿಯ ವರದಿಯನ್ನು ವಿದ್ಯಾರ್ಥಿ ಬರೆಯುತ್ತಾನೆ, ಅಧ್ಯಾಪಕರು ತಿದ್ದುತ್ತಾರೆ. ಅದರಲ್ಲಿ 'ಅವರು ಏನೆಂದರು' ಎಂಬುದರ ಜೊತೆಗೆ 'ಹೋಗುವ ಮುಂಚೆ ನಾನೇನು ಅಂದುಕೊಂಡಿದ್ದೆ, ನನ್ನ ಜಾತಿ, ನನ್ನ ಮನೆ ನನಗೆ ಏನು ಕಲಿಸಿತ್ತು' ಎಂಬುದನ್ನೂ ಬರೆಸಬೇಕು. ಇದಕ್ಕೆ ಅನುದಾನ ಬೇಕಿಲ್ಲ, ಅರ್ಧ ಪುಟ ಸಾಕು.

ಮುಂದಿನ ಮನೆಯಲ್ಲಿ ಅದೇ ಹುಡುಗಿ ಫಾರಂ ಮಡಿಚಿಟ್ಟು, "ಮನ್ಯಾಗ ಯಾರ್‍ಯಾರು ಇರ್ತೀರಿ ಯವ್ವಾ?" ಎಂದು ಕೇಳಲಿ. ಕೂಡಲು ಚಾಪೆ ತಾನಾಗಿ ಬಂದೀತು.